ಸಕ್ಕರೆ ಕಾಯಿಲೆಯ ಕಾಲಿನ ಗಾಯಕ್ಕೆ ಸಿಲ್ವರ್, ಅಯೋಡಿನ್ ಡ್ರೆಸಿಂಗ್: ಮನೆಯಲ್ಲಿ ಹಂತ ಹಂತವಾಗಿ

"ಸಿಸ್ಟರ್, ಎರಡು ತಿಂಗಳಿಂದ ಸಿಲ್ವರ್ ಡ್ರೆಸಿಂಗೇ ಹಾಕ್ತಿದ್ದೀವಿ. ಗಾಯ ಮಾತ್ರ ಇದ್ದ ಹಾಗೇ ಇದೆ."

ಮನೆಗಳಿಗೆ ಹೋಗಿ ಡ್ರೆಸಿಂಗ್ ಮಾಡುವ ನನಗೆ ಈ ಮಾತು ಮತ್ತೆ ಮತ್ತೆ ಕೇಳಿಸುತ್ತದೆ. ಬಿಚ್ಚಿ ನೋಡಿದರೆ ತಪ್ಪುಗಳೂ ಅವೇ. ಸರಿಯಾಗಿ ತೊಳೆಯದೆ ಹಾಕಿರುತ್ತಾರೆ. ಒಣಗಿದ ಗಾಯಕ್ಕೆ ಹಾಕಿರುತ್ತಾರೆ. ಹಾಕಿಕೊಂಡು ಅದೇ ಕಾಲಲ್ಲಿ ಓಡಾಡುತ್ತಿರುತ್ತಾರೆ. ಯಾವಾಗ ನಿಲ್ಲಿಸಬೇಕು ಅಂತ ಯಾರೂ ಅವರಿಗೆ ಹೇಳಿರುವುದಿಲ್ಲ.

ಈ ಡ್ರೆಸಿಂಗ್‌ಗಳು ಮಾಡುವುದು ಒಂದೇ ಕೆಲಸ. ಗಾಯದ ಮೇಲ್ಭಾಗದಲ್ಲಿರುವ ಬ್ಯಾಕ್ಟೀರಿಯಾವನ್ನು ಕಡಿಮೆ ಮಾಡುತ್ತವೆ. ಮಾಂಸ ಬೆಳೆಸುವುದಿಲ್ಲ, ರಕ್ತ ತಂದುಕೊಡುವುದಿಲ್ಲ, ಮೂಳೆಗೆ ಇಳಿದ ಸೋಂಕನ್ನು ಮುಟ್ಟುವುದೂ ಇಲ್ಲ. ಆದ್ದರಿಂದ ಹಾಕುವ ದಿನವೇ ನಿಲ್ಲಿಸುವ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಕೆಳಗಿನ ಹಂತಗಳು ಡಾಕ್ಟರು ಒಮ್ಮೆ ನೋಡಿ, ಮನೆಯಲ್ಲಿ ಡ್ರೆಸಿಂಗ್ ಮಾಡಿಕೊಳ್ಳಿ ಎಂದು ಹೇಳಿ ಕಳಿಸಿದವರಿಗೆ.

ಹಂತ 1: ಡಾಕ್ಟರು ಇವನ್ನು ನೋಡಿದ್ದಾರಾ, ಕೇಳಿ

ಮೊದಲನೆಯದು ರಕ್ತದ ಓಡಾಟ. ಪಾದದ ಮೇಲ್ಭಾಗದಲ್ಲೂ ಒಳಗಣಕಾಲಿನ ಹಿಂದೆಯೂ ನಾಡಿ ಸಿಗಬೇಕು. ಸಿಗದಿದ್ದರೆ ಕಾಲಿನ ಮತ್ತು ತೋಳಿನ ಬಿ.ಪಿ. ಹೋಲಿಸುವ ಎ.ಬಿ.ಐ. ಪರೀಕ್ಷೆ ಮಾಡುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿದೆ ಇಲ್ಲವೇ ಕಟ್ಟಿಕೊಂಡಿದೆ ಎಂದು ಅರ್ಥ. ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ನಾಳಗಳು ಗಟ್ಟಿಯಾಗಿ, ಈ ಅಂಕಿ ಸುಮ್ನೆ ಜಾಸ್ತಿ ತೋರಿಸುವುದೂ ಉಂಟು. ಹಾಗಾಗಿ "ಎ.ಬಿ.ಐ. ನಾರ್ಮಲ್" ಅಂದಮಾತ್ರಕ್ಕೆ ನಿಶ್ಚಿಂತೆ ಬೇಡ. ಕಾಲು ತಣ್ಣಗಿದ್ದರೆ, ಬಣ್ಣ ಬದಲಾಗಿದ್ದರೆ, ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಪರೀಕ್ಷೆ ಬೇಕಾ ಎಂದು ಕೇಳಿ.

ಎರಡನೆಯದು ಆಳ. ಗಾಯದೊಳಗೆ ಕಡ್ಡಿ ಇಳಿಸಿದಾಗ ಗಟ್ಟಿಯಾಗಿ ಮೂಳೆ ತಾಗಿದರೆ ಮೂಳೆಗೆ ಸೋಂಕು ಹೋಗಿರುವ ಅನುಮಾನ ಇರುತ್ತದೆ. ಇದನ್ನು ಡಾಕ್ಟರೇ ಮಾಡಬೇಕು, ಮನೆಯಲ್ಲಿ ನೀವು ಮಾಡಬೇಡಿ. ಒಂದು ಎಕ್ಸ್‌ರೇ ಕೂಡ ಇರಲಿ.

ಮೂರನೆಯದು ಗಾಯದ ಸುತ್ತಲಿನ ದಪ್ಪ ಚರ್ಮ ಮತ್ತು ಸತ್ತ ಮಾಂಸ. ಅದನ್ನು ಕತ್ತರಿಸಿ ತೆಗೆಯದೆ ಮೇಲೆ ಎಂಥ ಡ್ರೆಸಿಂಗ್ ಹಾಕಿದರೂ ಔಷಧಿ ಕೆಳಗೆ ತಲುಪುವುದಿಲ್ಲ. ಬ್ಲೇಡಿನಿಂದ ಮನೆಯಲ್ಲೇ ಕೆರೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್‌ನಂಥ ಕಡೆ ಪಾದಕ್ಕೇ ಬೇರೆ ವಿಭಾಗ ಇದೆ. ಅಂಥದ್ದು ಹತ್ತಿರ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಸರ್ಜರಿ ಒ.ಪಿ.ಡಿ.ಗೆ ತೋರಿಸಿ.

ಒಂದು ಎಚ್ಚರಿಕೆ. ಹಿಮ್ಮಡಿಯ ಮೇಲೆ ಕಪ್ಪಗೆ, ಒಣಗಿ, ಗಟ್ಟಿಯಾಗಿ ಅಂಟಿಕೊಂಡ ಪದರ ಇದ್ದು, ಕೀವಾಗಲಿ ಸುತ್ತ ಕೆಂಪಾಗಲಿ ಇಲ್ಲದಿದ್ದರೆ, ಡಾಕ್ಟರು ನೋಡುವ ತನಕ ಅದನ್ನು ನೆನೆಸಬೇಡಿ, ಕೀಳಬೇಡಿ. ರಕ್ತ ಸರಿಯಾಗಿ ಹೋಗದ ಕಾಲಿನಲ್ಲಿ ಆ ಒಣ ಪದರವೇ ಮುಚ್ಚಳದಂತೆ ಕಾಯುತ್ತಿರುತ್ತದೆ.

ಹಂತ 2: ಈ ಡ್ರೆಸಿಂಗ್ ನಿಮಗೆ ನಿಜವಾಗಿ ಬೇಕಾ?

ಮಧುಮೇಹದ ಪಾದದ ಬಗ್ಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ತಂಡ ಐಡಬ್ಲ್ಯುಜಿಡಿಎಫ್ 2023ರಲ್ಲಿ ಕೊಟ್ಟ ಮಾರ್ಗಸೂಚಿ, ಗಾಯ ಬೇಗ ಮಾಯಲಿ ಎನ್ನುವ ಉದ್ದೇಶಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಡ್ರೆಸಿಂಗ್ ಬಳಸಬೇಡಿ ಎಂದೇ ಹೇಳುತ್ತದೆ. ಆದರೂ ಮೇಲ್ಮೈ ಸೋಂಕಿನ ಲಕ್ಷಣ ಕಂಡಾಗ, ಬೇರೆ ಚಿಕಿತ್ಸೆಯ ಜೊತೆಗೆ, ಸ್ವಲ್ಪ ದಿನದ ಮಟ್ಟಿಗೆ ಇದನ್ನು ಬರೆದುಕೊಡುವ ಡಾಕ್ಟರು ಇದ್ದಾರೆ. ನಿಮಗೆ ಬರೆದಿದ್ದರೆ "ಯಾಕೆ, ಎಷ್ಟು ದಿನ" ಎಂದು ಕೇಳಿ ತಿಳಿದುಕೊಳ್ಳಿ.

ಲಕ್ಷಣಗಳು ಇವು: ರಸಿಕೆ (ಗಾಯದಿಂದ ಒಸರುವ ನೀರು) ಇದ್ದಕ್ಕಿದ್ದ ಹಾಗೆ ಜಾಸ್ತಿಯಾಗುವುದು, ತೊಳೆದ ಮೇಲೂ ವಾಸನೆ ಉಳಿಯುವುದು, ಕೆಂಪು ಮಾಂಸ ಮಂಕಾಗಿ ಮುಟ್ಟಿದರೆ ರಕ್ತ ಜಿನುಗುವುದು, ಮಾಯುತ್ತಿದ್ದ ಗಾಯ ನಿಂತುಬಿಡುವುದು. ಇವು ಯಾವುದೂ ಇಲ್ಲದೆ, ಗಾಯ ಕೆಂಪಗೆ, ಸ್ವಚ್ಛವಾಗಿ, ವಾರದಿಂದ ವಾರಕ್ಕೆ ಚಿಕ್ಕದಾಗುತ್ತಿದ್ದರೆ ಸಾದಾ ಡ್ರೆಸಿಂಗ್ ಸಾಕು. ಆ ದುಡ್ಡನ್ನು ಒಳ್ಳೆಯ ಚಪ್ಪಲಿಗೆ ಹಾಕಿ. ನಿಜಕ್ಕೂ ಹೇಳುತ್ತಿದ್ದೇನೆ, ಅದರಿಂದ ಜಾಸ್ತಿ ಉಪಯೋಗ.

ಇನ್ನೊಂದು ಮಾತು. ಗಾಯದ ಮೇಲಿಂದ ಹತ್ತಿಕಡ್ಡಿಯಲ್ಲಿ ಒರೆಸಿ ಲ್ಯಾಬಿಗೆ ಕಲ್ಚರ್ ಪರೀಕ್ಷೆಗೆ ಕಳಿಸಿದರೆ ಏನಾದರೊಂದು ಬ್ಯಾಕ್ಟೀರಿಯಾ ಬಂದೇ ಬರುತ್ತದೆ. ಹಳೆಯ ತೆರೆದ ಗಾಯದಲ್ಲಿ ಅದು ಸಹಜ. ಲಕ್ಷಣ ಇಲ್ಲದೆ ಬರೀ ಆ ರಿಪೋರ್ಟ್ ನೋಡಿ ಹೆದರಬೇಡಿ.

ಹಂತ 3: ಯಾವ ಗಾಯಕ್ಕೆ ಯಾವುದು

ಅಂಗಡಿಯವರು ಕೊಟ್ಟದ್ದನ್ನು ತರುವ ಮುಂಚೆ ಗಾಯ ಎಷ್ಟು ಒಸರುತ್ತದೆ ಎಂದು ನೋಡಿ. ಆಯ್ಕೆ ನಿಂತಿರುವುದು ಅದರ ಮೇಲೆ.

ಸಿಲ್ವರ್ ಆಲ್ಜಿನೇಟ್: ನೋಡಲು ಬಿಳಿ ಅಥವಾ ಬೂದು ಬಣ್ಣದ ಉಣ್ಣೆಯ ಹಾಳೆಯಂತೆ ಇರುತ್ತದೆ. ರಸಿಕೆ ಹೀರಿ ಲೋಳೆಯಾಗುತ್ತದೆ. ಜಾಸ್ತಿ ಒಸರುವ ಗಾಯಕ್ಕೆ, ಗುಳಿ ಬಿದ್ದ ಗಾಯಕ್ಕೆ ಸರಿ. ಒಣ ಗಾಯಕ್ಕೆ ಹಾಕಿದರೆ ಅಂಟಿಕೊಳ್ಳುತ್ತದೆ. ತೇವ ಇಲ್ಲದೆ ಸಿಲ್ವರ್ ಹೊರಗೆ ಬರುವುದೂ ಇಲ್ಲ.

ಸಿಲ್ವರ್ ಫೋಮ್: ಸ್ಪಂಜಿನಂತೆ. ಒಸರುವ, ಆದರೆ ಆಳವಿಲ್ಲದ ಗಾಯಕ್ಕೆ.

ನ್ಯಾನೋಕ್ರಿಸ್ಟಲ್ ಸಿಲ್ವರ್ ಹಾಳೆ: ಇದನ್ನು ಹಾಕುವ ಮುಂಚೆ ಸ್ಟೆರೈಲ್ (ಕ್ರಿಮಿ ಇಲ್ಲದ) ನೀರಿನಲ್ಲಿ ತೇವ ಮಾಡಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಗಾಯ ತೊಳೆಯುವ ಸಲೈನ್‌ನಲ್ಲೇ ಇದನ್ನೂ ಅದ್ದುತ್ತಾರೆ. ಸಲೈನ್‌ನ ಉಪ್ಪಿನಲ್ಲಿರುವ ಕ್ಲೋರೈಡ್ ಸಿಲ್ವರನ್ನು ಹಿಡಿದುಕೊಳ್ಳುತ್ತದೆ, ಕೆಲಸ ಕುಗ್ಗುತ್ತದೆ. ವ್ಯಾಸಲೀನ್‌ನಂಥ ಎಣ್ಣೆ ಜಿಡ್ಡನ್ನೂ ಇದರ ಕೆಳಗೆ ಹಚ್ಚಬಾರದು.

ಕ್ಯಾಡೆಕ್ಸೋಮರ್ ಅಯೋಡಿನ್: ಕಂದು ಬಣ್ಣದ ಪುಡಿ ಅಥವಾ ಮುಲಾಮು. ಹಳದಿ ಪದರ ಕಟ್ಟಿ ಒಸರುವ ಗಾಯಕ್ಕೆ ಒಳ್ಳೆಯದು. ರಸಿಕೆ ಹೀರುತ್ತಾ ಅಯೋಡಿನ್ ಬಿಡುತ್ತದೆ. ಕಂದು ಬಣ್ಣ ಹೋಗಿ ಬಿಳಿಚಿಕೊಂಡರೆ ಅಯೋಡಿನ್ ಮುಗಿದಿದೆ, ಬದಲಿಸಿ. ಥೈರಾಯ್ಡ್ ತೊಂದರೆ ಇದ್ದವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು, ಕಿಡ್ನಿ ಬಹಳ ಕೆಟ್ಟಿರುವವರು, ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಬಳಸಬಾರದು. ಸಕ್ಕರೆ ಕಾಯಿಲೆಯವರಲ್ಲಿ ಕಿಡ್ನಿ ತೊಂದರೆ ಎಷ್ಟೊಂದು ಜನಕ್ಕೆ ಇರುತ್ತದೆ ಅಲ್ವಾ? ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿಯೇ ಕೇಳಿ.

ಜೇನಿನ ಡ್ರೆಸಿಂಗ್: ಗಾಮಾ ಕಿರಣದಿಂದ ಶುದ್ಧ ಮಾಡಿದ ವೈದ್ಯಕೀಯ ಜೇನು ಇರುವುದು ಮಾತ್ರ. ಅಡುಗೆಮನೆಯ ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಅದು ಗಾಯಕ್ಕೆ ಬೇಡ. ಹಾಕಿದಾಗ ಉರಿಯುತ್ತದೆ, ಮೊದಮೊದಲು ರಸಿಕೆಯೂ ಜಾಸ್ತಿಯಾಗುತ್ತದೆ.

ಸಿಲ್ವರ್ ಸಲ್ಫಾಡೈಜಿನ್ ಮುಲಾಮಿನ ಬಗ್ಗೆಯೂ ಹೇಳಿಬಿಡುತ್ತೇನೆ. ಸುಟ್ಟ ಗಾಯಕ್ಕೆ ಹಚ್ಚುವ ಬಿಳಿ ಮುಲಾಮು, ಎಲ್ಲರ ಮನೆಯಲ್ಲೂ ಇರುತ್ತದೆ. ಸಲ್ಫಾ ಅಲರ್ಜಿ ಇದ್ದವರಿಗೆ ಆಗುವುದಿಲ್ಲ. ಗಾಯದ ಮೇಲೆ ಬಿಳಿ ಹಳದಿ ಪೊರೆ ಕಟ್ಟುತ್ತದೆ. ಅದನ್ನು ಕೀವು ಎಂದುಕೊಂಡು ಮನೆಯವರು ಗಾಬರಿಯಾಗುತ್ತಾರೆ, ಇಲ್ಲವೇ ನಿಜವಾದ ಕೀವು ಅದರ ಕೆಳಗೆ ಮರೆಯಾಗುತ್ತದೆ.

ಎರಡು ಔಷಧಿ ಬೆರೆಸುವ ಮುಂಚೆ ಎರಡು ಸಲ ಯೋಚಿಸಿ. ಸತ್ತ ಮಾಂಸ ಕರಗಿಸಲು ಕೊಡುವ ಪಪ್ಪಾಯಿ ಕಿಣ್ವದ ಮುಲಾಮು, ಕೊಲಾಜನೇಸ್ ಮುಲಾಮು ಸಿಲ್ವರ್ ಜೊತೆ ಸೇರಿದರೆ ಕೆಲಸ ಮಾಡುವುದಿಲ್ಲ.

ಹಂತ 4: ಎಲ್ಲ ಸಾಮಾನು ಮೊದಲೇ ಜೋಡಿಸಿ

ಅರ್ಧ ಬಿಚ್ಚಿದ ಮೇಲೆ ಕತ್ತರಿ ಹುಡುಕಲು ಎದ್ದರೆ ತೊಳೆದ ಕೈ ಹಾಳು. ಬೇಕಾದವು: ನಾರ್ಮಲ್ ಸಲೈನ್, ಸೂಜಿ ಇಲ್ಲದ 20 ಎಂ.ಎಲ್. ಸಿರಿಂಜ್, ಸ್ಟೆರೈಲ್ ಗಾಜ್ ಬಟ್ಟೆ, ಎರಡು ಜೊತೆ ಗ್ಲೌಸ್, ಡ್ರೆಸಿಂಗ್, ಮೇಲೆ ಇಡುವ ದಪ್ಪ ಪ್ಯಾಡ್, ರೋಲರ್ ಬ್ಯಾಂಡೇಜ್, ಪೇಪರ್ ಟೇಪ್, ಇದಕ್ಕೇ ಇಟ್ಟ ಕತ್ತರಿ, ಕಾಗದದ ಅಳತೆಪಟ್ಟಿ, ಬಾಲ್‌ಪೆನ್, ಕಸಕ್ಕೆ ಒಂದು ಕವರ್.

ಹತ್ತಿಯನ್ನು ಗಾಯದ ಮೇಲೆ ನೇರವಾಗಿ ಇಡಬೇಡಿ, ಎಳೆಗಳು ಒಳಗೆ ಉಳಿಯುತ್ತವೆ. ಸಲೈನ್ ಬಾಟಲಿ ತೆರೆದ ದಿನಾಂಕ ಬರೆದಿಡಿ, 24 ಗಂಟೆ ಮೀರಿದರೆ ಚೆಲ್ಲಿ. ದೊಡ್ಡ ಬಾಟಲಿಗಿಂತ 100 ಎಂ.ಎಲ್. ಬಾಟಲಿಯೇ ಲಾಭ. ಸಲೈನ್ ಸಿಗದ ದಿನ, ಕುದಿಸಿ ಮುಚ್ಚಿಟ್ಟು ಆರಿಸಿದ ಕುಡಿಯುವ ನೀರು ನಡೆಯುತ್ತದೆ.

ಒಂದು ಸಿಲ್ವರ್ ಹಾಳೆಯನ್ನು ಅರ್ಧ ಬಳಸಿ ಉಳಿದದ್ದನ್ನು ಫ್ರಿಜ್‌ನಲ್ಲಿ ಇಡುವವರಿದ್ದಾರೆ. ಬೆಲೆ ನೋಡಿದರೆ ಹಾಗೆ ಅನ್ನಿಸುವುದು ಸಹಜವೇ. ಆದರೆ ತೆರೆದ ಪೊಟ್ಟಣ ಸ್ಟೆರೈಲ್ ಅಲ್ಲ. ಗಾಯ ಅಳೆದುಕೊಂಡು ಹೋಗಿ ಚಿಕ್ಕ ಸೈಜ್ ಕೊಳ್ಳಿ.

ಹಂತ 5: ಹಳೆಯದನ್ನು ಬಿಚ್ಚಿ, ಬಿಚ್ಚಿದ್ದನ್ನು ಓದಿ

ಸೋಪಿನಲ್ಲಿ ಕೈ ತೊಳೆದು ಗ್ಲೌಸ್ ಹಾಕಿ. ಅಂಟಿಕೊಂಡಿದ್ದರೆ ಎಳೆಯಬೇಡಿ. ಸಲೈನ್ ಸುರಿದು ಐದರಿಂದ ಹತ್ತು ನಿಮಿಷ ಕಾಯಿರಿ. ಹೊಸದಾಗಿ ಹುಟ್ಟಿದ ಕೆಂಪು ಮಾಂಸ ಒಂದೇ ಎಳೆತಕ್ಕೆ ಕಿತ್ತುಬರುತ್ತದೆ. ರೋಗಿಗೆ ನೋವಾಗದು, ಕಾಲು ಮರಗಟ್ಟಿರುತ್ತದೆ. ಅದಕ್ಕೇ ಇನ್ನೂ ಹುಷಾರಾಗಿರಬೇಕು.

ಬಿಚ್ಚಿದ ಡ್ರೆಸಿಂಗ್ ಬಿಸಾಡುವ ಮುಂಚೆ ನೋಡಿ. ಪೂರ್ತಿ ಒಣಗಿದ್ದರೆ ನೀವು ಆರಿಸಿದ ಡ್ರೆಸಿಂಗ್ ಈ ಗಾಯಕ್ಕೆ ಜಾಸ್ತಿ ಹೀರುತ್ತಿದೆ. ಹೊರಗಿನ ಬ್ಯಾಂಡೇಜ್‌ವರೆಗೂ ನೆಂದಿದ್ದರೆ ಅದು ಸಾಲುತ್ತಿಲ್ಲ. ಹಸಿರು ಬಣ್ಣ, ದಪ್ಪ ಕೀವು ಕಂಡರೆ ಫೋಟೊ ತೆಗೆದು ಅದೇ ದಿನ ಡಾಕ್ಟರಿಗೆ ತೋರಿಸಿ. ಸಿಲ್ವರ್‌ನಿಂದ ಡ್ರೆಸಿಂಗಾಗಲಿ ಗಾಯದ ಅಂಚಾಗಲಿ ಬೂದು ಬಣ್ಣಕ್ಕೆ ತಿರುಗುವುದುಂಟು, ಅದಕ್ಕೆ ಹೆದರಬೇಕಿಲ್ಲ. ವಾಸನೆಯನ್ನು ಈಗಲೇ ಲೆಕ್ಕಕ್ಕೆ ಹಿಡಿಯಬೇಡಿ, ತೊಳೆದ ಮೇಲೆ ನೋಡಿ. ಆಮೇಲೆ ಗ್ಲೌಸ್ ತೆಗೆದು, ಕೈ ತೊಳೆದು, ಹೊಸ ಜೊತೆ ಹಾಕಿ.

ಹಂತ 6: ತೊಳೆಯುವುದು

ಇಡೀ ಕೆಲಸದಲ್ಲಿ ನಾನು ಹೆಚ್ಚು ಸಮಯ ಕೊಡುವುದು ಇದಕ್ಕೆ. ಹಳೆಯ ಗಾಯದಲ್ಲಿ ಬ್ಯಾಕ್ಟೀರಿಯಾ ಒಂಟೊಂಟಿಯಾಗಿ ಇರುವುದಿಲ್ಲ. ಒಂದಕ್ಕೊಂದು ಅಂಟಿಕೊಂಡು, ಮೇಲೆ ಲೋಳೆಯ ಹೊದಿಕೆ ಕಟ್ಟಿಕೊಂಡಿರುತ್ತವೆ. ಇದೇ ಬಯೋಫಿಲ್ಮ್. ಮೀನು ಹಿಡಿಯುವ ಹೊಳೆಯ ಕಲ್ಲಿನ ಮೇಲೆ ಜಾರುವ ಪಾಚಿ ಇರುತ್ತದಲ್ಲ, ಹಾಗೆ. ನೀರು ಹೊಯ್ದರೆ ಸಾಲದು, ತಿಕ್ಕಿದರೇ ಹೋಗುವುದು. ಆ ಹೊದಿಕೆಯ ಮೇಲೆ ಸಿಲ್ವರ್ ಇಟ್ಟರೆ ಕೆಳಗಿನವು ಹಾಯಾಗಿರುತ್ತವೆ.

ಮೊದಲು ಸುತ್ತಲಿನ ಕಾಲನ್ನು ಸೌಮ್ಯ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ನೀರಿನ ಬಿಸಿಯನ್ನು ನಿಮ್ಮ ಮೊಣಕೈಯಲ್ಲಿ ನೋಡಿ. ರೋಗಿಯ ಕಾಲಿಟ್ಟು ನೋಡಬೇಡಿ, ಆ ಕಾಲಿಗೆ ಬಿಸಿ ತಿಳಿಯದು. ಕಾಲನ್ನು ಬಕೆಟ್‌ನಲ್ಲಿ ನೆನೆಹಾಕುವುದೂ ಬೇಡ.

ನಂತರ ಗಾಯಕ್ಕೆ ಸಿರಿಂಜ್‌ನಿಂದ ಸಲೈನ್ ಚಿಮ್ಮಿಸಿ. ಕನಿಷ್ಠ 100 ಎಂ.ಎಲ್. ಆಗಲಿ. ಒದ್ದೆ ಗಾಜ್‌ನಿಂದ ಗಾಯದ ತಳವನ್ನು ಮೆಲ್ಲಗೆ, ಆದರೆ ಹಿಂಜರಿಯದೆ ಒರೆಸಿ. ಅಂಚಿನ ಸಂದಿಯನ್ನು ಬಿಡಬೇಡಿ. ಸಡಿಲವಾದ ಹಳದಿ ಪದರ ತಾನಾಗಿ ಬಂದರೆ ಬರಲಿ, ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ಡಾಕ್ಟರಿಗೆ ಬಿಡಿ. ಕಡೆಗೆ ಸುತ್ತಲಿನ ಚರ್ಮವನ್ನೂ ಬೆರಳ ಸಂದಿಗಳನ್ನೂ ಒತ್ತಿ ಒರೆಸಿ ಒಣಗಿಸಿ.

ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್, ಡೆಟಾಲ್ ಒಳಗೆ ಹಾಕಬೇಡಿ. ನೊರೆ ಬಂದರೆ ಕೊಳೆ ಹೋಗುತ್ತಿದೆ ಎಂದು ಅನ್ನಿಸುತ್ತದೆ, ಹೊಸ ಮಾಂಸವೂ ಅದರ ಜೊತೆ ಸುಡುತ್ತದೆ. ಅರಿಶಿನ, ಕಾಫಿಪುಡಿ, ಬೂದಿ, ಬೇವಿನೆಣ್ಣೆ, ಆ್ಯಂಟಿಬಯಾಟಿಕ್ ಪುಡಿ ಕೂಡ ಬೇಡ. ಪುಡಿಗಳು ರಸಿಕೆಯ ಜೊತೆ ಸೇರಿ ಹೆಕ್ಕಳೆ ಕಟ್ಟುತ್ತವೆ, ಅದರ ಕೆಳಗೆ ಕೀವು ಸಿಕ್ಕಿಕೊಳ್ಳುತ್ತದೆ.

ಹಂತ 7: ಅಳೆಯಿರಿ, ಬರೆಯಿರಿ

ವಾರಕ್ಕೊಮ್ಮೆ ಉದ್ದ, ಅಗಲ ಅಳೆದು ಗುಣಿಸಿ. 3 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ ಇದ್ದರೆ 6. ನಾಲ್ಕು ವಾರದಲ್ಲಿ ಅದು 3 ಅಥವಾ ಇನ್ನೂ ಕಡಿಮೆ ಆಗಿರಬೇಕು. ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ಸುತ್ತ ಕೆಂಪಾಗಿದ್ದರೆ ಕೆಂಪಿನ ಅಂಚಿಗೆ ಬಾಲ್‌ಪೆನ್‌ನಿಂದ ಗೆರೆ ಎಳೆಯಿರಿ. ನಾಳೆ ಕೆಂಪು ಗೆರೆ ದಾಟಿದ್ದರೆ ಮನೆಯಲ್ಲಿ ಕೂರಬೇಡಿ.

ಹಂತ 8: ಡ್ರೆಸಿಂಗ್ ಇಡುವುದು

ಆಲ್ಜಿನೇಟನ್ನು ಗಾಯದ ಆಕಾರಕ್ಕೇ ಕತ್ತರಿಸಿ. ಒಳ್ಳೆಯ ಚರ್ಮದ ಮೇಲೆ ಹರಡಿದರೆ ಆ ಚರ್ಮ ನೆಂದು ಹಾಳಾಗುತ್ತದೆ. ಬಹಳ ಹೊತ್ತು ಬಟ್ಟೆ ಒಗೆದಾಗ ಬೆರಳ ತುದಿ ಬಿಳಿಚಿ ಸುಕ್ಕಾಗುವ ಹಾಗೆ ಗಾಯದ ಸುತ್ತ ಕಂಡರೆ ತೇವ ಜಾಸ್ತಿಯಾಗಿದೆ ಎಂದು ತಿಳಿಯಿರಿ. ಬೇಗ ಬದಲಿಸಿ, ಸುತ್ತಲಿನ ಚರ್ಮಕ್ಕೆ ತೆಳ್ಳಗೆ ಜಿಂಕ್ ಮುಲಾಮು ಹಚ್ಚಿ. ಗಾಯದೊಳಗೆ ಬೀಳದಂತೆ ನೋಡಿಕೊಳ್ಳಿ. ಫೋಮ್ ಮಾತ್ರ ಗಾಯಕ್ಕಿಂತ ಸುತ್ತ 2 ಸೆಂ.ಮೀ. ದೊಡ್ಡದಿರಲಿ.

ಗುಳಿ ಇದ್ದರೆ ಆಲ್ಜಿನೇಟ್ ಎಳೆಯನ್ನು ಸಡಿಲವಾಗಿ ತುಂಬಿ. ಗಿಡಿದು ತುಂಬಿದರೆ ರಸಿಕೆ ಹೊರಬರಲು ದಾರಿ ಇರುವುದಿಲ್ಲ, ಒತ್ತಡಕ್ಕೆ ಒಳಗಿನ ಮಾಂಸಕ್ಕೂ ಪೆಟ್ಟು. ಒಂದು ತುದಿ ಹೊರಗೆ ಕಾಣುವಂತಿರಲಿ. ಎಷ್ಟು ತುಂಡು ಒಳಗೆ ಹೋಯಿತು ಎಂದು ಬರೆದಿಡಿ, ಮುಂದಿನ ಸಲ ಅಷ್ಟೇ ಹೊರಗೆ ಬರಬೇಕು. ಕ್ಯಾಡೆಕ್ಸೋಮರ್ ಮುಲಾಮನ್ನು ಸುಮಾರು 3 ಮಿ.ಮೀ. ದಪ್ಪಕ್ಕೆ ಹಾಕಿ.

ಮೇಲೆ ಪ್ಯಾಡ್ ಇಟ್ಟು, ಬೆರಳ ಬುಡದಿಂದ ಮೇಲಕ್ಕೆ ಬ್ಯಾಂಡೇಜ್ ಸುತ್ತಿ. ಬೆರಳ ತುದಿಗಳು ಹೊರಗೆ ಕಾಣಲಿ. ಬೆರಳುಗಳ ನಡುವೆ ಗಾಜ್ ಇರಲಿ. ಕಾಲುಂಗುರ ಇದ್ದರೆ ತೆಗೆದಿಡಿ. ಟೇಪನ್ನು ಕಾಲಿನ ಸುತ್ತ ಪೂರ್ತಿ ಬಳಸಿ ಅಂಟಿಸಬೇಡಿ. ಊತ ಇಳಿಯಲಿ ಎಂದು ಕ್ರೇಪ್ ಬ್ಯಾಂಡೇಜನ್ನು ಬಿಗಿಯಾಗಿ ಕಟ್ಟುವುದು ಅಪಾಯ. ರಕ್ತದ ಓಡಾಟ ನೋಡಿ ಡಾಕ್ಟರು ಹೇಳಿದರೆ ಮಾತ್ರ ಬಿಗಿ ಕಟ್ಟು. ಅರ್ಧ ಗಂಟೆ ಬಿಟ್ಟು ಬೆರಳು ಮುಟ್ಟಿ ನೋಡಿ. ತಣ್ಣಗಿದ್ದರೆ, ನೀಲಿಯಾಗಿದ್ದರೆ ತಕ್ಷಣ ಸಡಿಲಿಸಿ.

ಹಂತ 9: ಯಾವಾಗ ಬದಲಿಸಬೇಕು

ದಿನಾ ಬಿಚ್ಚುವುದೇ ಶುದ್ಧ ಎಂದು ನಂಬಿಕೆ. ಸಿಲ್ವರ್ ಡ್ರೆಸಿಂಗ್‌ಗಳಲ್ಲಿ ಕೆಲವು 3 ದಿನ, ಕೆಲವು 7 ದಿನದವರೆಗೆ ಕೆಲಸ ಮಾಡುವಂತೆ ಮಾಡಿರುತ್ತಾರೆ. ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿ. ಆದರೆ ಸೋಂಕು ಇರುವ ಕಾಲನ್ನು ಏಳು ದಿನ ನೋಡದೆ ಬಿಡುವುದು ನನಗೆ ಒಪ್ಪಿಗೆ ಇಲ್ಲ. ಶುರುವಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ಬಿಚ್ಚಿ ನೋಡಿ. ಹೊರಗಡೆ ನೆಂದರೆ, ಜಾರಿದರೆ, ಸ್ನಾನದ ನೀರು ಹೋದರೆ ದಿನ ಎಣಿಸಬೇಡಿ, ಆಗಲೇ ಬದಲಿಸಿ. ಎಂ.ಆರ್.ಐ. ಸ್ಕ್ಯಾನ್ ಇದ್ದರೆ ಸಿಲ್ವರ್ ಡ್ರೆಸಿಂಗ್ ಇದೆ ಎಂದು ಮೊದಲೇ ಹೇಳಿ, ತೆಗೆಸಬೇಕಾಗಬಹುದು.

ಹಂತ 10: ಕಾಲಿನ ಮೇಲಿನ ಭಾರ ತೆಗೆಯಿರಿ

ಅಂಗಾಲಿನ ಗಾಯದ ಮೇಲೆ ದಿನಕ್ಕೆ ನೂರಾರು ಹೆಜ್ಜೆ ಬೀಳುತ್ತಿದ್ದರೆ ಒಳಗಿನ ಡ್ರೆಸಿಂಗ್ ಯಾವುದಾದರೂ ಅಷ್ಟೇ. ಅಂಗಾಲಿನ ಗಾಯದಿಂದ ಭಾರ ತಪ್ಪಿಸಲು ಪಾದಕ್ಕೆ ಸರಿಯಾಗಿ ಕೂರುವ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಎಂಬ ಪ್ಲಾಸ್ಟರ್ ಕಟ್ಟು ಬಹಳ ಒಳ್ಳೆಯದು, ಆದರೆ ಸೋಂಕು ಇರುವಾಗ ಮತ್ತು ರಕ್ತ ಓಡಾಟ ಕಡಿಮೆ ಇರುವಾಗ ಹಾಕಬಹುದಾ ಎಂದು ಡಾಕ್ಟರೇ ಹೇಳಬೇಕು. ಅದು ಆಗದಿದ್ದರೆ ಗಾಯದ ಜಾಗದಲ್ಲಿ ಭಾರ ಬೀಳದಂತೆ ಮಾಡಿಸಿದ ಪಾದರಕ್ಷೆ, ವಾಕರ್, ಗಾಲಿಕುರ್ಚಿ.

"ಬಾತ್‌ರೂಮಿಗೆ ಎರಡೇ ಹೆಜ್ಜೆ ಸಿಸ್ಟರ್" ಅನ್ನುತ್ತಾರೆ. ಆ ಎರಡು ಹೆಜ್ಜೆ ದಿನಕ್ಕೆ ಎಷ್ಟು ಸಲ? ರಾತ್ರಿ ಎಷ್ಟು ಸಲ? ಮಂಚದ ಪಕ್ಕ ಒಂದು ಕಮೋಡ್ ಕುರ್ಚಿ ಇಟ್ಟ ಮೇಲೆ ಮಾಯಲು ಶುರುವಾದ ಗಾಯಗಳನ್ನು ನಾನು ಕಂಡಿದ್ದೇನೆ. ದೇವಸ್ಥಾನದ ಬಿಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಈಗ ಬೇಡ, ಮನೆಯಿಂದಲೇ ಕೈ ಮುಗಿಯಲಿ.

ಹಂತ 11: ಹದಿನಾಲ್ಕನೆಯ ದಿನ

ಕ್ಯಾಲೆಂಡರಿನಲ್ಲಿ ಗುರುತು ಮಾಡಿದ ದಿನ ಇದು. ಸಿಲ್ವರನ್ನು ಎರಡು ವಾರ ಬಳಸಿ, ಆಮೇಲೆ ನಿಂತು ನೋಡುವುದು ವೈದ್ಯರು ಒಪ್ಪಿಕೊಂಡ ರೂಢಿ.

ವಾಸನೆ ಹೋಗಿ, ರಸಿಕೆ ಇಳಿದು, ತಳ ಕೆಂಪಾಗಿದ್ದರೆ ಸಿಲ್ವರ್ ನಿಲ್ಲಿಸಿ ಸಾದಾ ಫೋಮ್ ಅಥವಾ ಅಂಟದ ಗಾಜ್‌ಗೆ ಬನ್ನಿ. "ಚೆನ್ನಾಗಿ ಕೆಲಸ ಮಾಡ್ತಿದೆ, ಮುಂದುವರಿಸೋಣ" ಅನ್ನಿಸುತ್ತದೆ. ಅದರ ಕೆಲಸ ಮುಗಿಯಿತು. ಸುಧಾರಿಸುತ್ತಿದ್ದರೂ ಲಕ್ಷಣ ಪೂರ್ತಿ ಹೋಗಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ ಮುಂದುವರಿಸಬೇಕಾ ಎಂದು ಕೇಳಿ.

ಏನೂ ಬದಲಾಗಿಲ್ಲವೇ? ಇನ್ನೊಂದು ಕಂಪನಿಯ ಸಿಲ್ವರ್ ಕೊಳ್ಳಲು ಹೋಗಬೇಡಿ. ಹಂತ 1ಕ್ಕೆ ವಾಪಸ್ ಹೋಗಿ. ರಕ್ತ, ಮೂಳೆ, ಭಾರ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ), ಊಟದಲ್ಲಿ ಪ್ರೋಟೀನ್, ಈ ಐದರಲ್ಲಿ ಒಂದು ಕೈಕೊಟ್ಟಿರುತ್ತದೆ. ವರ್ಷಗಟ್ಟಲೆ ಮಾಯದೆ ಅಂಚು ಗಂಟುಗಂಟಾಗಿ ದಪ್ಪಗಾದ ಗಾಯದಿಂದ ಚೂರು ತೆಗೆದು ಕ್ಯಾನ್ಸರ್ ಪರೀಕ್ಷೆಯನ್ನೂ ಮಾಡಿಸಬೇಕು.

ಈ ಲಕ್ಷಣ ಕಂಡರೆ ಡ್ರೆಸಿಂಗ್ ಬಿಟ್ಟು ಆಸ್ಪತ್ರೆಗೆ

ಗಾಯದ ಅಂಚಿನಿಂದ ಕೆಂಪು 2 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು ಹರಡುವುದು. ಕಾಲಿನ ಮೇಲೆ ಕೆಂಪು ಗೆರೆ ಏರುವುದು, ತೊಡೆಸಂದಿಯಲ್ಲಿ ಗಂಟು. ಹೊಸದಾಗಿ ಕಪ್ಪಾಗುವುದು. ಒತ್ತಿದರೆ ಚರ್ಮದಡಿ ಚಟಚಟ ಅನ್ನಿಸುವುದು. ಮರಗಟ್ಟಿದ್ದ ಕಾಲಿನಲ್ಲಿ ಹೊಸದಾಗಿ ನೋವು. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಚಳಿ ನಡುಕ, ನಾಡಿ 90ಕ್ಕಿಂತ ಜಾಸ್ತಿ, ಮಂಪರು.

ಸಕ್ಕರೆ ಕಾಯಿಲೆಯವರಿಗೆ ಸೋಂಕು ಜೋರಾಗಿದ್ದರೂ ಜ್ವರ ಬಾರದೆ ಇರಬಹುದು. ಊಟ, ಮಾತ್ರೆ ಸರಿಯಾಗಿದ್ದೂ ಸಕ್ಕರೆ ಇದ್ದಕ್ಕಿದ್ದ ಹಾಗೆ ಏರಿ ಇಳಿಯದಿದ್ದರೆ ಅದನ್ನೇ ಜ್ವರ ಎಂದು ತಿಳಿದುಕೊಳ್ಳಿ. ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೋಗುವಾಗ ಅಳತೆ ಬರೆದ ಪುಸ್ತಕ, ಫೋಟೊಗಳು, ಬಳಸಿದ ಡ್ರೆಸಿಂಗ್‌ನ ಖಾಲಿ ಪೊಟ್ಟಣ ಜೊತೆಗಿರಲಿ.